ಕೇಳುವ ಮುಂಚಿನ ಮುಖ

ಟಿಬಿಲಿಸಿಯ ರೈಲು ನಿಲ್ದಾಣದ ಹಿಂದೆ
ಸಂತೆಯ ಮೂರನೇ ಸಾಲಿನಲ್ಲಿ
ಉಪ್ಪಿನಕಾಯಿ ಮಾರುವ ಹೆಂಗಸಿಗೂ ನನಗೂ ನಡುವೆ
ಹನ್ನೊಂದು ಹೆಜ್ಜೆ. ಎಣಿಸಿದ್ದೇನೆ.
ನಾಲ್ಕನೆಯದಕ್ಕೆ ಗಂಟಲ ಪಸೆ ಆರುತ್ತದೆ.
ಏಳಕ್ಕೆ, ಬೂಟಿನ ಲಾಡಿ ಬಿಚ್ಚಿಕೊಂಡಿತೇನೋ ಎಂದು ಬಗ್ಗುತ್ತೇನೆ,
ಬಿಚ್ಚಿರುವುದಿಲ್ಲ.
ಒಂಬತ್ತಕ್ಕೆ ಪಕ್ಕಕ್ಕೆ ಸರಿದು
ಬೇಡದ ಕೊತ್ತಂಬರಿ ಕೊಳ್ಳುತ್ತೇನೆ.
ಫೆಬ್ರವರಿಯಿಡೀ ನಮ್ಮ ಮನೆಯಲ್ಲಿ ಎಲ್ಲದಕ್ಕೂ ಕೊತ್ತಂಬರಿ.

ಪರದೇಶದವರಿಗೆ ಸುಲಭ.
ಹಲ್ಲು ಬಿಡುತ್ತಾರೆ, ಕ್ಯಾಮೆರಾ ಎತ್ತಿ ತೋರಿಸುತ್ತಾರೆ,
ಬೈದದ್ದನ್ನೂ ಹರಸಿದರು ಅಂದುಕೊಳ್ಳುತ್ತಾರೆ.
ನಾನು ಇದೇ ಊರಿನವಳು,
ಗೊಣಗಿದ್ದೂ ಕೇಳಿಸುತ್ತದೆ.

ಬೀಗದಕೈ ಕೊರೆಯುವ ಓತಾರ್ ತಲೆಯೆತ್ತದೆ ಅಂದಿದ್ದ,
"ಸಾಲ ಕೊಟ್ಟವರು ನೋಡಿದರೆ?"
ಮೀನಿನ ಮುರ್ಮಾನ್ ಒಂದು ಮೀನನ್ನೇ ಮುಖಕ್ಕೆ ಅಡ್ಡ ಹಿಡಿದ.
"ಇದರದ್ದು ತೆಗಿ, ಇದಕ್ಕೆ ನಾಚಿಕೆಯಿಲ್ಲ."
ಒಬ್ಬಳು, ಹೆಸರು ತಿಳಿಯದು, ಕೇಳಿದ್ದಕ್ಕೆ ಅತ್ತುಬಿಟ್ಟಳು.
ಯಾಕೆ ಅಂತ ಕೇಳಬಹುದಿತ್ತು. ಅಲ್ಲಿಂದ ಕಾಲು ಕಿತ್ತೆ.
ಆ ಸಾಲಿನಲ್ಲಿ ಈಗಲೂ ನಾನು ನಡೆಯುವುದಿಲ್ಲ.

ಮತ್ತೆ ಆ ಹುಡುಗ, ಆಲೂಗಡ್ಡೆ ಮೂಟೆಯ ಮೇಲೆ ಕೂತಿದ್ದವನು.
"ನನ್ನಲ್ಲಿ ಏನು ಕಂಡೆ?"
"ಬೆಳಕು ಚೆನ್ನಾಗಿತ್ತು" ಅಂದೆ.
ಸಪ್ಪಗಾದ, ಪಾಪ.
ಬೆಳಕು ಮೂಟೆಯ ಮೇಲೂ ಬಿದ್ದಿತ್ತಲ್ಲ.

ಒಂದು ದಿನ ಹನ್ನೊಂದೂ ದಾಟಿದೆ.
ಸಿಯಾಲಾ ಪೀಪಾಯಿಯೊಳಗೆ ಮೊಣಕೈವರೆಗೆ ಕೈ ಇಳಿಸಿ
ಉಪ್ಪುನೀರಿನ ತಳದಲ್ಲಿ ಏನನ್ನೋ ತಡಕುತ್ತಿದ್ದಳು.
ಕೆಳತುಟಿ ಹಲ್ಲಿನಡಿ. ಕಣ್ಣು
ಈ ಸಂತೆಯಲ್ಲಿ ಇರಲಿಲ್ಲ.
ಆ ಮುಖಕ್ಕಾಗಿಯೇ ನಾನು ತಿಂಗಳು ಪೂರ್ತಿ ಸುತ್ತು ಹಾಕಿದ್ದು.

"ಒಂದು ಫೋಟೋ ತೆಗೆಯಲಾ?"

ಕೈ ಹೊರಗೆ ಬಂತು. ಅದರಲ್ಲಿ ಒಂದು ಬೆಳ್ಳುಳ್ಳಿ.
ತಲೆವಸ್ತ್ರ ಬಿಚ್ಚಿದಳು, ಏಪ್ರನ್ನಿನ ಜೇಬಿನಿಂದ
ಬೀಟ್‌ರೂಟ್ ಬಣ್ಣದ ಲಿಪ್‌ಸ್ಟಿಕ್ ತೆಗೆದು
ಕನ್ನಡಿಯಿಲ್ಲದೆ ತಪ್ಪದೆ ಬಳಿದುಕೊಂಡಳು,
ಪಾಸ್‌ಪೋರ್ಟ್ ಕಚೇರಿಯಲ್ಲಿ ಕೂರುವ ಹಾಗೆ ನೆಟ್ಟಗೆ ಕೂತು
"ಹ್ಞೂಂ" ಅಂದಳು.

ನಾನು ಬಯಸಿದ ಮುಖ ಎದ್ದು ಒಳಗೆ ಹೋಗಿತ್ತು.
ಬಾಗಿಲು ತಟ್ಟಿದ್ದಕ್ಕೇ ಹೋಯಿತು.
ತಟ್ಟದೆ ನುಗ್ಗಿದ್ದರೆ ಸಿಗುತ್ತಿತ್ತು,
ಕಳ್ಳರಿಗೆ ಏನು ತಾನೇ ಸಿಗುವುದಿಲ್ಲ?

ಒತ್ತಿದೆ. ಒಂದೇ.
ಅವಳು ಉಸಿರು ಬಿಟ್ಟು, ಪಕ್ಕದ ಚೀಸಿನವಳಿಗೆ
ತಕ್ಕಡಿಯ ವಿಷಯಕ್ಕೆ ಎರಡು ಮಾತು ಬೈದು,
ಮತ್ತೆ ಪೀಪಾಯಿಗೆ ಬಾಗಿದಳು.
ಬಂತು. ಅದೇ ತುಟಿ, ಅದೇ ಇಲ್ಲದ ಕಣ್ಣು,
ಈಗ ಲಿಪ್‌ಸ್ಟಿಕ್ ಸಮೇತ, ಮೊದಲಿಗಿಂತ ಚೆನ್ನಾಗಿ.
ಬೆರಳು ಗುಂಡಿಯ ಮೇಲಿತ್ತು.
ಕ್ಯಾಮೆರಾ ಇಳಿಸಿದೆ.
ದೊಡ್ಡ ಗುಣವೇನಲ್ಲ, ರಾತ್ರಿಯೆಲ್ಲ ನನ್ನನ್ನೇ ಬೈದುಕೊಂಡೆ.
"ಇನ್ನೇನು ನಿಂತೆ? ಕೊಂಡುಕೋ" ಅಂದಳು.
ಅರ್ಧ ಕಿಲೋ ಹುಳಿ ಸೌತೆ.

ಎರಡು ವಾರ ಬಿಟ್ಟು ಪ್ರಿಂಟ್ ಒಯ್ದು ಕೊಟ್ಟೆ.
ಒದ್ದೆ ಬೆರಳಲ್ಲಿ ಅಂಚು ಮಾತ್ರ ಹಿಡಿದು
ತೋಳು ನೀಡಿ ನೋಡಿದಳು, ಖೋಟಾ ನೋಟು ನೋಡುವ ಹಾಗೆ.
"ಇವಳ ಹತ್ತಿರ ನಾನಾದರೆ ಸಾಮಾನು ಕೊಳ್ಳುವುದಿಲ್ಲ" ಅಂದಳು,
ಎಷ್ಟು ಹಿಗ್ಗಿದ್ದಳೆಂದರೆ
ಮೇಲಿನ ತಂತಿಗೆ, ಒಣಮೆಣಸಿನ ಸರದ ಪಕ್ಕ
ಬಟ್ಟೆಯ ಕ್ಲಿಪ್ಪಿನಲ್ಲಿ ಸಿಕ್ಕಿಸಿಯೇಬಿಟ್ಟಳು.

ಇವತ್ತು ಓತಾರ್ ತಲೆಗೆ ನೀರು ಹಚ್ಚಿ ಬಾಚಿದ್ದಾನೆ.
ಅಂಗಿಯ ಕತ್ತಿನ ಗುಂಡಿಯೂ ಹಾಕಿದೆ.
ಮೆಷೀನಿನಲ್ಲಿ ಬೀಗದಕೈ ಇಲ್ಲ, ಸುಮ್ಮನೆ ಓಡಿಸುತ್ತಿದ್ದಾನೆ.
ನನ್ನ ಕಡೆ ನೋಡುವುದಿಲ್ಲ, ಕರೆಯುವುದಂತೂ ಇಲ್ಲ.
ಇಲ್ಲಿಂದ ಅಲ್ಲಿಗೆ ಎಂಟೋ ಒಂಬತ್ತೋ ಹೆಜ್ಜೆ.
ನಾಲ್ಕನೆಯದಕ್ಕೆ
ಗಂಟಲು ಒಣಗಿತು.