ಬಂಗುಡೆ೪೭ ಅವರಿಗೆ ಹೇಳದ್ದು

ಕಂಪನಿ ಮುಚ್ಚಿತು. ಹೋಗುವಾಗ
ಬೀಗದ ಕೈ ಬಾಗಿಲಲ್ಲೇ ಬಿಟ್ಟು ಹೋಯಿತು:
ಆಟದ ಇಡೀ ಒಡಲು, ಮೂರು ಲಕ್ಷ ಸಾಲು,
ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು.
ಕೊನೆಯಲ್ಲಿ ಒಂದು ಷರಾ:
ಇದ್ದದ್ದು ಇದ್ದ ಹಾಗೆ. ಯಾವ ಭರವಸೆಯೂ ಇಲ್ಲ.

ಹೊಸಂಗಡಿ ಗೇಟಿನ ಬದಿ ನನ್ನ ಮೊಬೈಲ್ ರಿಪೇರಿ ಅಂಗಡಿ.
ಒಡೆದ ಡಿಸ್‌ಪ್ಲೇಗಳ ನಡುವೆ ಓದುತ್ತ ಕೂತೆ,
ಗೇಟು ಬಿದ್ದಾಗ ಒಂದು ಪುಟ, ಎದ್ದಾಗ ಒಬ್ಬ ಗಿರಾಕಿ.

ಎಂಟು ವರ್ಷ ಆ ಕಡಲಲ್ಲಿ ದೋಣಿ ನಡೆಸಿದವಳು ನಾನು.
ತಲಪಾಡಿಯಲ್ಲಿ ರಸ್ತೆಗೆ ಮಣ್ಣು ಸುರಿದ ಆ ಬೇಸಗೆ
ಲವೀನಾ ಆಚೆ, ನಾನು ಈಚೆ, ನಡುವೆ ಪೊಲೀಸು.
ರಾತ್ರಿ ಮಾತ್ರ ಒಂದೇ ಬಂದರಿನಲ್ಲಿ
ಬಲೆ ಒಣಗಿಸುತ್ತಿದ್ದೆವು.
ಅವಳು ಕೊಂಕಣಿಯಲ್ಲಿ ಬೈದರೆ ಮಿಸ್ರಿಯಾ ಬ್ಯಾರಿಯಲ್ಲಿ ನಗುವಳು,
ನೀಲೇಶ್ವರದ ಬಿಜೀಶ್‌ಗೆ ಎರಡೂ ಅರ್ಥವಾಗದೆ
ಹಿಡಿದ ಮೀನನ್ನೆಲ್ಲ ನೀರಿಗೆ ಬಿಟ್ಟಿದ್ದ.

ಮತ್ತೆ ಬಂಗುಡೆ೪೭.
ಹೆಸರು ಐತಪ್ಪಣ್ಣ. ಕುಂಬಳೆಯಲ್ಲಿ ಆಟೋ.
ನೀಲಿ ಮುತ್ತು ಸಿಗಬೇಕಾದರೆ, ಅವರ ಶಾಸ್ತ್ರ,
ದೋಣಿಯ ಮೂತಿ ಮೂಡಕ್ಕೆ ತಿರುಗಿಸಬೇಕು,
ಮೊದಲ ಮೀನನ್ನು ಹಿಡಿದಲ್ಲೇ ಬಿಡಬೇಕು,
ಆಮೇಲೆ ಐದು ನಿಮಿಷ ಯಾರೂ ಉಸಿರೆತ್ತಬಾರದು.
ನಾವು ಎತ್ತಲಿಲ್ಲ. ಎರಡು ಸಲ ಸಿಕ್ಕಿತು ಕೂಡ.

ಈಗ ಆ ಮುತ್ತಿನ ಸಾಲು ನನ್ನ ಮುಂದೆ ಉಂಟು.
ಮೂಡು ಇಲ್ಲ, ಪಡು ಇಲ್ಲ. ಒಂದು ದಾಳ,
ನಾಲ್ಕು ಸಾವಿರಕ್ಕೆ ಒಂದು ಸಲ ಬೀಳುವುದು.
ನಮ್ಮ ಮೌನವನ್ನು ಅದು ಕೇಳಿಸಿಕೊಳ್ಳಲೇ ಇಲ್ಲ.

ಫೋನು ತೆಗೆದೆ. ಇಟ್ಟೆ.

ಇನ್ನೂ ಕೆಳಗೆ, ಪಡುಗಡಲಿನ ತುದಿಯಲ್ಲಿ,
ಎಷ್ಟು ಹುಟ್ಟು ಹಾಕಿದರೂ ದಾಟಗೊಡದ ಆ ಮಂಜು,
ಅದರಾಚೆ ದ್ವೀಪ ಉಂಟೆಂದು ಮಿಸ್ರಿಯಾ ಆಣೆ ಹಾಕುತ್ತಿದ್ದಳಲ್ಲ,
ಅಲ್ಲಿ ಒಂದು ಸಂಖ್ಯೆ. ಬರೀ ನಾಲ್ಕಂಕಿ.
ಪಕ್ಕದಲ್ಲಿ ಯಾರೋ, ಯಾವ ದೇಶದವರೋ, ಬರೆದಿಟ್ಟ ಚೀಟಿ:
‘ಇಲ್ಲಿಂದಾಚೆ ಕಟ್ಟಲು ಸಮಯ ಸಿಗಲಿಲ್ಲ. ಕ್ಷಮಿಸಿ.’
ತಲಪಾಡಿಯಲ್ಲಿ ಗೆರೆ ಎಳೆದವರು
ಇಷ್ಟನ್ನೂ ಬರೆದಿಡಲಿಲ್ಲ.

ಯಾರೋ ರಿಪೇರಿಗೆ ಕೊಟ್ಟು ವಾಪಸು ಬಾರದ
ಹಳೆ ಕಂಪ್ಯೂಟರು ಒಂದಿತ್ತು. ಅದರೊಳಗೆ ಕಡಲು ತುಂಬಿಸಿದೆ.
ಕಪಾಟಿನ ಅಡಿ, ಬೆಸುಗೆ ಪೆಟ್ಟಿಗೆಯ ಮಗ್ಗುಲಲ್ಲಿ
ಲೋಕವೊಂದು ಗೊರಗೊರ ತಿರುಗುತ್ತದೆ.
ಕರೆಂಟು ಹೋದರೆ ಪ್ರಳಯ.
ನೀಲೇಶ್ವರದಿಂದ ಫೋನು: ಚೇಚಿ, ಸಮುದ್ರ ಎಲ್ಲಿ ಹೋಯಿತು?
ಕೆಎಸ್‌ಇಬಿಯವರನ್ನು ಕೇಳು ಮಾರಾಯಾ, ಎನ್ನುತ್ತೇನೆ.

ಲವೀನಾ ಒಂದು ಪ್ರತಿ ಕೇಳಿದಳು, ಕೊಟ್ಟೆ,
ಪಕ್ಕದ ಮನೆಗೆ ಹೆಪ್ಪು ಕೊಟ್ಟ ಹಾಗೆ.
ಅವಳದ್ದು ಸ್ವಲ್ಪ ಹುಳಿ:
ಆ ಕಡಲಲ್ಲಿ ಈಗ ಬಿರುಗಾಳಿ ಜಾಸ್ತಿಯಂತೆ.

ನಿನ್ನೆ ರಾತ್ರಿ ಆ ನಾಲ್ಕಂಕಿ ಅಳಿಸಿದೆ.
ಮಂಜು ದಾಟಿ ಹೋದೆವು. ದ್ವೀಪವಿಲ್ಲ.
ನೀರೂ ಇಲ್ಲ. ಬಣ್ಣ ಹಚ್ಚದ ಬೂದು,
ದೋಣಿಯ ನೆರಳು ಸಹ ಬೀಳದು.
ಮಿಸ್ರಿಯಾ ತುಂಬ ಹೊತ್ತು ಸುಮ್ಮನಿದ್ದಳು; ಆಮೇಲೆ,
‘ಒಂದು ಕಲ್ಲು ಹಾಕು, ನೋಡುವ’ ಎಂದಳು.
ಹಾಕಿದೆ.

ಬಂಗುಡೆ೪೭ ಮೂತಿ ಮೂಡಕ್ಕೆ ತಿರುಗಿಸಿದರು.
ಯಾರೂ ಉಸಿರೆತ್ತಬೇಡಿ, ಎಂದರು.
ದಾಳದ ಸಾಲು ನನ್ನ ಕೈಯಲ್ಲೇ ಇತ್ತು.
ಮೂಡು ಎಂಬುದೊಂದನ್ನು ಅದಕ್ಕೆ ಸೇರಿಸಲು ಎಷ್ಟು ಹೊತ್ತು?
ಸೇರಿಸಿದೆನೋ ಇಲ್ಲವೋ, ಹೇಳುವುದಿಲ್ಲ.
ಐದು ನಿಮಿಷ.
ಗೇಟು ಬಿದ್ದ ಸದ್ದು. ರೈಲು.