ಶಾಮೆಯ ಸರಳು

ಲವಂಗದ ಕೊಯ್ಲು ಶುರುವಾದರೆ
ಚಾಕೆ ಚಾಕೆ ಆಸ್ಪತ್ರೆಯ ಮೂಳೆ ವಾರ್ಡಿಗೆ
ಮರದಿಂದ ಬಿದ್ದವರು ಬರುತ್ತಾರೆ.
ಹಾಸಿಗೆ, ದಿಂಬು, ಊಟದ ಚಮಚ,
ಎಲ್ಲಕ್ಕೂ ಅವರ ಬೆರಳ ಘಾಟು.

ಶಾಮೆ ಹಮಾದಿ ಬಿದ್ದದ್ದು ಎರಡು ಕೊಯ್ಲಿನ ಹಿಂದೆ.
ಕೊಂಬೆ ಮುರಿದದ್ದಲ್ಲ, ಹಗ್ಗ ಹರಿದದ್ದು.
ಇದನ್ನವನು ಪ್ರತಿ ಸಲವೂ ಒತ್ತಿ ಹೇಳುತ್ತಾನೆ,
ಮರಕ್ಕೆ ಅಪವಾದ ಬರಬಾರದು.
ಮೊಣಕಾಲ ಕೆಳಗೆ ಗೇಣುದ್ದದ ಉಕ್ಕಿನ ಸರಳಿಟ್ಟು ಹೊಲಿದರು.
ಮೂಳೆ ಕೂಡಿತು.
ಗಾಯ ಕೂಡಲಿಲ್ಲ.

ನನ್ನ ಕೆಲಸ ಕೀವು ನೋಡುವುದು.
ತಟ್ಟೆಯಲ್ಲಿ ಬೆಳೆಸಿ, ಮೇಲೆ ಮದ್ದಿನ ಬಿಲ್ಲೆಗಳನ್ನಿಟ್ಟು
ಮರುದಿನ ಸುತ್ತ ಎಷ್ಟಗಲ ಬಯಲಾಯಿತೆಂದು
ಅಡಿಪಟ್ಟಿ ಹಿಡಿದು ಅಳೆಯುವುದು.
ಶಾಮೆಯ ತಟ್ಟೆಯಲ್ಲಿ ಏಳು ಬಿಲ್ಲೆ.
ಏಳರ ಬುಡದವರೆಗೂ ಬಿಳಿ ಹುಲ್ಲು.
ಅಳೆಯಲು ಬಯಲೇ ಇಲ್ಲ.
ಬರೆದೆ: ಬಗ್ಗದು, ಬಗ್ಗದು, ಬಗ್ಗದು,
ಹೀಗೆ ಏಳು ಸಲ.

ಒಂಟಿಯಾಗಿ ಸಿಕ್ಕರೆ ಇವು ಎಷ್ಟೋ ಸಲ ಸಾಯುತ್ತವೆ.
ಉಕ್ಕು ಸಿಕ್ಕಿತೋ, ಕಚ್ಚಿ ಕೂರುತ್ತವೆ,
ಲೋಳೆ ನೂತು ಹೊದೆಯುತ್ತವೆ.
ಒಳಗೆ ಓಣಿ, ನೀರಿನ ಕಾಲುವೆ,
ತೀರಾ ತಳದಲ್ಲಿ ಸುಮ್ಮನೆ ನಿದ್ದೆ ಹೋದ ಕೆಲವು.
ನಿದ್ದೆ ಹೋದದ್ದನ್ನು ಕೊಲ್ಲುವುದು ಮದ್ದಿಗೆ ಕಷ್ಟ.
ಎಷ್ಟು ಮಂದಿ ಕೂಡಿದೆವೆಂದು
ತಮ್ಮತಮ್ಮಲ್ಲೇ ಪಿಸುಗುಟ್ಟಿ ಎಣಿಸಿಕೊಳ್ಳುತ್ತವೆ,
ಸಾಕಷ್ಟಾದ ಮೇಲೆ ವಿಷ.
ಒಗ್ಗಟ್ಟಿನಲ್ಲಿ ಬಲವಿದೆ ಎಂದು
ನಮ್ಮ ಶಾಲೆಯ ಗೋಡೆಯ ಮೇಲೆ ಬರೆದಿತ್ತು.
ಯಾರಿಗೆ ಎಂದು ಬರೆದಿರಲಿಲ್ಲ.

ಆರು ವಾರ ನರಕ್ಕೆ ಹನಿಸಿದ್ದು
ಗೋರ್ಕಲ್ಲ ಮೇಲೆ ಸುರಿದ ಮಳೆ.

ಕೊನೆಗೆ ಸರಳನ್ನೇ ತೆಗೆದರು.
ಡಬ್ಬಿಯ ಮೇಲೆ ಅವನ ಹೆಸರು ಬರೆದು ನನ್ನ ಮೇಜಿಗೆ ಕಳಿಸಿದರು.
ಬರಿಗಣ್ಣಿಗೆ ಏನಿಲ್ಲ,
ಬಸವನಹುಳು ದಾಟಿಹೋದಷ್ಟು ಮಿನುಗು.

ರಸ್ತೆಯಂಚಿಗೆ ಚಾಪೆ ಹಾಸಿ ಒಣಗಿಸುವವರ ಬಳಿ
ನಾನು ಮೊಗ್ಗು ಕೇಳಲಿಲ್ಲ, ಅದಕ್ಕೆ ತೂಕವಿದೆ, ಬೆಲೆಯಿದೆ.
ಬಿಡಿಸಿ ಗುಡ್ಡೆ ಹಾಕಿದ ತೊಟ್ಟು ಕೇಳಿದೆ.
ಬಿ ತಿಮೆ ಚೀಲ ತುಂಬಿ ಕೊಟ್ಟು
"ಹಲ್ಲುನೋವೆ?" ಎಂದಳು.
"ಅಲ್ಲ, ಕಾಲು. ಬೇರೆಯವರದು."

ತೊಟ್ಟು ಕುದಿಸಿ ಸೋಸಿದ ನೀರಿಗೆ
ಬೆಳ್ಳಿಯ ಲವಣ, ಹನಿ ಹನಿ.
ಮೊದಲು ತಿಳಿ. ಆಮೇಲೆ ಹಳದಿ.
ಕರೆಂಟು ಹೋಗಿ ಬರುವಷ್ಟರಲ್ಲಿ ಕಂದು.
ಹೊರಗೆ ಚಾಪೆಯ ಮೇಲೆ ನಾಲ್ಕು ಬಿಸಿಲು ಬೇಡುವ ಬಣ್ಣ
ಗಾಜಿನೊಳಗೆ ಒಂದೇ ಮಧ್ಯಾಹ್ನ.
ಅದರಲ್ಲಿ ತೇಲುವ ನ್ಯಾನೋ ಕಣ ಎಷ್ಟು ಚಿಕ್ಕದೆಂದರೆ,
ಬೇಡ, ಹೋಲಿಕೆ ಹುಡುಕುವುದನ್ನು ನಾನು ಬಿಟ್ಟಿದ್ದೇನೆ.

ಸರಳಿಂದ ಕೆರೆದ ವಂಶವನ್ನು ತಟ್ಟೆಯ ಗುಂಡಿಗಳಲ್ಲಿ ಬಿತ್ತಿ
ಎರಡು ಹಗಲು ಮನೆ ಕಟ್ಟಿಕೊಳ್ಳಲು ಬಿಟ್ಟೆ.
ಒಂದು ಸಾಲಿಗೆ ಆಸ್ಪತ್ರೆಯ ಮದ್ದು,
ಒಂದಕ್ಕೆ ಬರೀ ತೊಟ್ಟಿನ ನೀರು,
ಒಂದಕ್ಕೆ ಆ ಕಂದು.
ತೊಳೆದು ನೇರಳೆ ಬಣ್ಣ ಹೊಯ್ದೆ.
ಬಣ್ಣ ನಿಂತಲ್ಲಿ ಅವು ನಿಂತಿವೆ.
ಮದ್ದಿನ ಸಾಲು ನೇರಳೆಹಣ್ಣು ತಿಂದ ಮಗುವಿನ ನಾಲಿಗೆ.
ತೊಟ್ಟಿನ ಸಾಲು ತುಸು ಮಾಸಲು.
ಕಂದು ಬಿದ್ದ ಸಾಲಲ್ಲಿ ಎಂಟಕ್ಕೆ ಆರು ಖಾಲಿ ಗಾಜು.
ಉಳಿದೆರಡರ ಅಂಚಿಗೆ ತೆಳ್ಳನೆ ಉಂಗುರ.

ಊರುಗೋಲೂರಿ ಬಂದು ಶಾಮೆ ಕೇಳಿದ,
"ನನ್ನವು ಸತ್ತವೆ?"
"ತಟ್ಟೆಯಲ್ಲಿ. ಎಲ್ಲವೂ ಅಲ್ಲ."
"ಕಾಲಿನಲ್ಲಿ?"
ಕಾಲು ತಟ್ಟೆಯಲ್ಲ, ಎಂದೆ.
ಅಲ್ಲಿ ರಕ್ತ ಹರಿಯುತ್ತದೆ,
ಬೆಳ್ಳಿ ಯಕೃತ್ತಿಗೆ ಹೋಗಿ ಕೂರುತ್ತದೋ, ಮೂತ್ರಪಿಂಡಕ್ಕೋ,
ಇಲಿಗೆ ಕೊಟ್ಟು ನೋಡಬೇಕು, ಆಮೇಲೆ ಇನ್ನೂ ವರ್ಷಗಳು.
"ಹಾಗಾದರೆ ನಾನು ತಟ್ಟೆಯಲ್ಲಿ ಹುಟ್ಟಬೇಕಿತ್ತು."
ನಕ್ಕ. ಗಾಯದ ಪಟ್ಟಿ ಇನ್ನೂ ಒದ್ದೆಯಿತ್ತು,
ಮೊದಲಿನಷ್ಟಲ್ಲ.

ಹೊರಡುವಾಗ ಸರಳು ವಾಪಸು ಕೇಳಿದ,
ಬಗ್ಗಿಸಿದರೆ ಕೊಂಬೆ ಎಳೆಯುವ ಕೊಕ್ಕೆಯಾದೀತು.
ಕೊಡಲಾಗದು, ಅದರಲ್ಲಿನ್ನೂ ಜೀವವಿದೆ, ಎಂದೆ.
ಡಬ್ಬಿಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ.
"ಇವುಗಳ ಹಿಡಿತ ನೋಡು.
ನನಗೆ ಇಷ್ಟಿದ್ದಿದ್ದರೆ
ನಾನು ಬೀಳುತ್ತಲೇ ಇರಲಿಲ್ಲ."