ಒರಿಜಿನಲ್ಲಾ?

'ಗ್ರೀಸ್ ಗೊತ್ತಾ?' ಎಂದರು ಫಿಲೋಮಿನಾ ಮಿಸ್ಸು, ಮೊದಲ ದಿನ.
ಗೊತ್ತಿಲ್ಲದೆ ಏನು, ಉಗುರ ಸಂದಿಯಲ್ಲೇ ಇತ್ತು;
ಕೈ ಬೆಂಚಿನ ಕೆಳಗೆ ಎಳೆದುಕೊಂಡೆ.
ಅವರು ಹೇಳಿದ್ದು ದೇಶ.
ಅಲ್ಲೊಬ್ಬ ಮುದುಕ ಸಂತೆಬೀದಿಯಲ್ಲಿ ನಿಂತು
ಧೈರ್ಯ ಅಂದರೇನು, ನ್ಯಾಯ ಅಂದರೇನು ಎಂದು
ಹೋಗಿಬರುವವರ ತಲೆ ತಿಂದನಂತೆ.
ಊರವರು ತಾಳಲಾರದೆ ವಿಷ ಕುಡಿಸಿದರಂತೆ.
ನಮ್ಮ ಜೆ.ಸಿ. ರಸ್ತೆಯಲ್ಲಾದರೆ
'ಸೈಡಿಗೆ ಬಾ ಯಜಮಾನ' ಅಂತಿದ್ವಿ, ಅಷ್ಟೆ.

ಸಂಜೆ ಕಾಲೇಜಿಗೆ ನಾನು ಬಂದದ್ದು ವಾಣಿಜ್ಯ ಓದಲು.
ಅದು ತುಂಬಿತ್ತು. ಗುಮಾಸ್ತರು ತತ್ವಶಾಸ್ತ್ರದ ಕಡೆ ಬೆರಳು ತೋರಿ
'ಇಲ್ಲಿ ಸೀಟಿದೆ, ಯಾವಾಗಲೂ ಇರತ್ತೆ' ಎಂದರು.

ಒಂದು ದಿನ ಮಿಸ್ಸು ಹಡಗು ಬರೆದರು.
ಕೊಳೆತ ಹಲಗೆ ಒಂದೊಂದೇ ತೆಗೆದು, ಹೊಸದು ಜಡಿದು,
ಹಳೆಯದೊಂದೂ ಉಳಿಯದಿದ್ದಾಗ ಕೇಳಿದರು:
'ಈಗ ಇದು ಅದೇ ಹಡಗಾ?'
ಆ ವರ್ಷ ನಾನು ಕೈ ಎತ್ತಿದ್ದು ಒಂದೇ ಸಲ:
'ಆರ್‌ಸಿ ಬುಕ್ಕಲ್ಲಿ ಚಾಸಿ ನಂಬರು ಏನಿದೆ ಮಿಸ್?'
ಅವರು ನಗಲಿಲ್ಲ. ಸೀಮೆಸುಣ್ಣ ಕೆಳಗಿಟ್ಟು,
'ನಿನ್ನ ಮೇಲೆ ನಂಬರು ಹೊಡೆದವರು ಯಾರು, ಅದನ್ನು ಹೇಳು' ಎಂದರು.
ಮೆಜೆಸ್ಟಿಕ್ಕಿನವರೆಗೂ ಬಸ್ಸಿನಲ್ಲಿ ನಿಂತೇ ಹೋದೆ,
ಸೀಟು ಖಾಲಿಯಿದ್ದರೂ.

ಇನ್ನೊಬ್ಬ, ಒಲೆಯ ಪಕ್ಕ ಬೆಚ್ಚಗೆ ಕೂತು
ಗೋಡೆಯನ್ನು, ಕೈಯನ್ನು, ಎರಡೂ ಮೂರೂ ಐದೆಂಬುದನ್ನೂ
ಅನುಮಾನಿಸುತ್ತ ಹೋದ.
ಅವನು ತನ್ನ ತನಕ ಬರುವ ಹೊತ್ತಿಗೆ ಸರಿಯಾಗಿ ಕರೆಂಟು ಹೋಯಿತು.
ಕತ್ತಲೆಯಲ್ಲಿ ಮಿಸ್ಸಿನ ದನಿ: 'ಇದ್ದೀರಾ?'
'ಇದ್ದೀವಿ ಮಿಸ್' ಎಂದೆವು ನಾಲ್ಕು ಜನ.
ಹಾಜರಿ ಪುಸ್ತಕದಲ್ಲಿ ಹನ್ನೊಂದಿತ್ತು.

ತರ್ಕಕ್ಕೆ ಚುನಾವಣೆಯ ರಜೆ ಅಡ್ಡ ಬಂತು.
ಸೌಂದರ್ಯ ಪರೀಕ್ಷೆಗೆ ಬರುವುದಿಲ್ಲ ಎಂದು ಬಿಟ್ಟರು.
ಆದರೆ ಈ ಮಾತು ಹಾಗೇ ಉಳಿದಿದೆ:
ನಾಳೆ ಸೂರ್ಯ ಹುಟ್ಟುತ್ತಾನೆ ಎನ್ನಲು
ನಿನ್ನೆ ಹುಟ್ಟಿದ್ದ ಎಂಬುದು ಬಿಟ್ಟು ಆಧಾರವಿಲ್ಲ.
ನಿನ್ನೆ ಹಿಡಿದ ಬ್ರೇಕಿಗೂ ಅಷ್ಟೆ.

ಮತ್ತೆ ಇದು: ನೀವು ಕಂಡ ಕುದುರೆ, ಕುರ್ಚಿ, ತ್ರಿಕೋನ
ಎಲ್ಲ ನಕಲು; ಅಸಲಿ ಮೇಲೆಲ್ಲೋ ಇದೆ, ಸವೆಯದೆ.
ನಮ್ಮಲ್ಲೂ ಮೇಲೆಯೇ.
ಅಟ್ಟದಲ್ಲಿ ಸಾಲಾಗಿ ಒರಿಜಿನಲ್ ಡಬ್ಬಿಗಳು, ಖಾಲಿ.
ಏಣಿ ಹತ್ತಿ ಅವನ್ನಿಳಿಸಿ
ಕೆಳಗಿನ ಮಾಲು ತುಂಬುವುದು ನನ್ನ ಕೆಲಸ.
'ಗಿರಾಕಿಗೆ ನಾನೂರು ಉಳೀತು, ನಮಗಿನ್ನೂರು ಬಂತು,
ಅಳೋರು ಯಾರಯ್ಯ?' ಮಾಲೀಕ ರುದ್ರೋಜಿಯ ಮಾತು.
ಒಟ್ಟು ಸುಖದಲ್ಲಿ ಒಟ್ಟು ದುಃಖ ಕಳೆಯಿರಿ ಎಂದ
ಇಂಗ್ಲೆಂಡಿನವನ ಪಾಠ ಬಂದಾಗ
ನನಗೆ ಕೇಳಿಸಿದ್ದು ಇವರ ದನಿ.
ಅದರ ಮರುದಿನ ಬಂದವನು ಬೇರೆ ಆಸಾಮಿ;
ಅವನು ವಾಕಿಂಗ್ ಹೊರಟರೆ ಬೀದಿಯವರು
ಗಡಿಯಾರ ಸರಿಮಾಡಿಕೊಳ್ಳುತ್ತಿದ್ದರಂತೆ.
ಅವನದು ಒಂದೇ ಪಟ್ಟು: ಎಲ್ಲರೂ ಹೀಗೇ ಮಾಡಿದರೆ?
ಎಲ್ಲರೂ ಹೀಗೇ ಮಾಡುತ್ತಿದ್ದರು ಸ್ವಾಮಿ,
ರಸ್ತೆಯ ಎರಡೂ ಬದಿಯಲ್ಲಿ.

ಸೋಮವಾರ ಬೆಳಗ್ಗೆ ಇಲಿಯಾಸಣ್ಣನ ಆಟೋ.
ಹಿಂದೆ, ಪಕ್ಕದಲ್ಲಿ, ತಲೆಯ ಮೇಲೆ ಶಾಲೆಯ ಚೀಲಗಳು,
ಚೀಲಗಳ ನಡುವೆ ಅಲ್ಲಲ್ಲಿ ಮಕ್ಕಳು.
ಬ್ರೇಕ್ ಶೂ ಕೈಲಿ ಹಿಡಿದು ತಿರುಗಿಸಿ ನೋಡಿ
ಎಲ್ಲರೂ ಕೇಳುವುದನ್ನೇ ಕೇಳಿದ:
'ಒರಿಜಿನಲ್ಲಾ ಬಾಸ್?'

ಒರಿಜಿನಲ್ ಅಂದರೇನು ಎಂದು
ನಾನು ತಿರುಗಿ ಕೇಳಬಹುದಿತ್ತು, ಆ ಮುದುಕನ ಹಾಗೆ.
ಎರಡು ವರ್ಷ ಓದಿದ್ದು ಗಂಟಲಿಗೆ ಬಂದಿತ್ತು ಕೂಡ.
ಬಚ್ಚಿಟ್ಟುಕೊಳ್ಳಲು ಅದೂ ಒಂದು ಅಟ್ಟವೇ ಅನ್ನಿಸಿತು.
'ಅಲ್ಲ' ಎಂದೆ.
'ಮತ್ತೆ ಈ ಡಬ್ಬಿ?'
'ಡಬ್ಬಿ ಒರಿಜಿನಲ್ಲು.'

ರುದ್ರೋಜಿ ನೋಟೆಣಿಸುವುದು ನಿಲ್ಲಿಸಿದರು.
ಇಲಿಯಾಸಣ್ಣ ನನ್ನನ್ನೊಮ್ಮೆ, ಚೀಲಗಳನ್ನೊಮ್ಮೆ ನೋಡಿ,
ದನಿ ತಗ್ಗಿಸಿ ಕೇಳಿದ:
'ಹಾಗಾದ್ರೆ, ಎಷ್ಟು ಕಮ್ಮಿ ಮಾಡ್ತೀಯ?'

ಇದಕ್ಕೆ ಉತ್ತರ ಯಾವ ಪಾಠದಲ್ಲಿದೆಯೋ,
ಸಂಜೆ ಮಿಸ್ಸನ್ನು ಕೇಳಬೇಕು.
ಆಟೋ ಟೌನ್‌ಹಾಲ್ ಕಡೆ ತಿರುಗುವವರೆಗೂ
ನಾನು ನೋಡುತ್ತಿದ್ದದ್ದು
ಅದರ ಹಿಂದಿನ ಕೆಂಪು ದೀಪವನ್ನೇ.